ಪಂಪ್ ನೀರು ಹಿಡಿಯದಿದ್ದರೆ: ವ್ಯಾಕ್ಯೂಮ್ ಗೇಜ್ ನೋಡಿ ದೋಷ ಪತ್ತೆಹಚ್ಚುವ ಕ್ರಮ

ಅಗ್ನಿಶಾಮಕ ದಳದ ಜಲವಾಹನದ ಟ್ಯಾಂಕಿನಲ್ಲಿ 4500 ಲೀಟರ್ ನೀರು ಇರುತ್ತದೆ. ಪಂಪ್ ನಿಮಿಷಕ್ಕೆ 1800 ಲೀಟರ್ ಸಾಮರ್ಥ್ಯದ್ದು. ಪೂರ್ತಿ ಬಿಟ್ಟರೆ ಎರಡೂವರೆ ನಿಮಿಷದಲ್ಲಿ ಟ್ಯಾಂಕ್ ಖಾಲಿ. 15 ಮಿ.ಮೀ. ನಾಝಲ್ ಹಾಕಿ ಒಂದೇ ಬ್ರಾಂಚ್ (ಕೈಯಲ್ಲಿ ಹಿಡಿದು ನೀರು ಬಿಡುವ ಕೊಳವೆ) ನಡೆಸಿದರೂ, ನಾಝಲ್ ಬಾಯಲ್ಲಿ 7 ಬಾರ್ ಒತ್ತಡ ಇದ್ದರೆ ನಿಮಿಷಕ್ಕೆ 400 ಲೀಟರ್ ಹೋಗುತ್ತದೆ. ಹನ್ನೊಂದು ನಿಮಿಷಕ್ಕೆ ಅದೂ ಮುಗಿಯಿತು. ಅಫಜಲಪುರದ ಕಡೆ ಕಬ್ಬಿಗೆ, ಸೇಡಂ ಕಡೆ ತೊಗರಿ ಬಣವಿಗೆ, ಶಹಾಪುರದ ಕಡೆ ಹತ್ತಿ ದಾಸ್ತಾನಿಗೆ ಬೆಂಕಿ ಬಿದ್ದರೆ ಹನ್ನೊಂದು ನಿಮಿಷದಲ್ಲಿ ಕೆಲಸ ಮುಗಿಯುವುದಿಲ್ಲ. ಠಾಣೆಗೆ ಹೋಗಿ ತುಂಬಿಸಿಕೊಂಡು ಬರುವಷ್ಟರಲ್ಲಿ ಬಣವಿ ಬೂದಿಯಾಗಿರುತ್ತದೆ. ಹತ್ತಿರದ ಕೆರೆ, ಹಳ್ಳ, ಕಾಲುವೆ, ಬಾವಿಯಿಂದಲೇ ನೀರು ಎತ್ತಬೇಕು.

ಆ ಹೊತ್ತಿಗೇ ಪಂಪ್ ಹತ್ತಿರದಿಂದ ಕೂಗು ಬರುತ್ತದೆ: "ಸರ, ನೀರ ಹಿಡೀವಲ್ದು." ತಕ್ಷಣ ಒಬ್ಬರು ಎಲ್ಲ ಜಾಯಿಂಟ್ ಬಿಗಿಯಲು ಶುರುಮಾಡುತ್ತಾರೆ, ಇನ್ನೊಬ್ಬರು ಸ್ಟ್ರೈನರ್ (ನೀರಿನೊಳಗಿನ ತುದಿಯ ಜಾಲರಿ) ಮೇಲೆತ್ತುತ್ತಾರೆ, ಚಾಲಕರು ಥ್ರಾಟಲ್ (ಎಂಜಿನ್ ವೇಗ) ಏರಿಸುತ್ತಾರೆ. ಮೂರೂ ಒಟ್ಟಿಗೆ ಮಾಡಿದರೆ ತಪ್ಪು ಎಲ್ಲಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ದೋಷ ಎಲ್ಲಿದೆ ಎಂದು ತೋರಿಸುವುದಕ್ಕೆ ಪಂಪಿನ ಮೇಲೆ ಒಂದು ಉಪಕರಣ ಇದ್ದೇ ಇದೆ, ಅದು ವ್ಯಾಕ್ಯೂಮ್ ಗೇಜ್. ಒತ್ತಡ ಮತ್ತು ನಿರ್ವಾತ ಎರಡನ್ನೂ ತೋರಿಸುವ ಕಾಂಪೌಂಡ್ ಗೇಜ್ ಆದರೂ ಅಷ್ಟೆ. ಹೆಚ್ಚಿನವರು ಹೊರಹೋಗುವ ನೀರಿನ ಒತ್ತಡ ತೋರಿಸುವ ಡೆಲಿವರಿ ಗೇಜ್ ಒಂದನ್ನೇ ನೋಡುತ್ತಾರೆ. ನೀರು ಹಿಡಿಯದ ಪಂಪಿನಲ್ಲಿ ಡೆಲಿವರಿ ಗೇಜ್ ಏನನ್ನೂ ಹೇಳುವುದಿಲ್ಲ.

ಮುಳ್ಳು ಎಷ್ಟಕ್ಕೆ ಬರಬೇಕು ಎಂದು ಮೊದಲೇ ಲೆಕ್ಕ ಹಾಕಿ

ಪಂಪ್ ನೀರನ್ನು ಎಳೆಯುವುದಿಲ್ಲ. ಪ್ರೈಮರ್ ಎಂಬ ಸಾಧನ ಒಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ವಾಯುಭಾರ ನೀರನ್ನು ಸಕ್ಷನ್ ಹೋಸಿನೊಳಕ್ಕೆ (ಕೆರೆ, ಬಾವಿಯಿಂದ ಪಂಪಿಗೆ ನೀರು ತರುವ ಕೊಳವೆಯೊಳಕ್ಕೆ) ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರ 760 ಮಿ.ಮೀ. ಪಾದರಸ, ಅದು ನೀರನ್ನು ಲೆಕ್ಕದಲ್ಲಿ 10.3 ಮೀಟರ್ ಏರಿಸಬಲ್ಲದು. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ಸಿಗುವುದು 9.8 ಮೀಟರ್. ಬೀದರ್ 600 ಮೀಟರಿಗೂ ಮೇಲಿದೆ, ಅಲ್ಲಿ 9.6. ಯಾದಗಿರಿ ಸ್ವಲ್ಪ ತಗ್ಗು, ಅಲ್ಲಿ 9.9ರ ಹತ್ತಿರ. ಬೇಸಿಗೆಯಲ್ಲಿ ಆಳವಿಲ್ಲದ ಹೊಂಡದ ನೀರು 40 ಡಿಗ್ರಿಗೆ ಕಾದಿದ್ದರೆ ಆವಿಯ ಒತ್ತಡಕ್ಕೇ ಮುಕ್ಕಾಲು ಮೀಟರ್ ಹೋಗುತ್ತದೆ. ಮೇಲೆ ಹೋಸಿನ ಘರ್ಷಣೆ, ಸ್ಟ್ರೈನರ್ ತಡೆ, ನೀರಿಗೆ ವೇಗ ಬರಲು ಬೇಕಾದ ಒತ್ತಡ ಎಲ್ಲ ಕಳೆಯಬೇಕು. ಹಾಗಾಗಿ 7 ಮೀಟರ್ ದಾಟಿದ ಮೇಲೆ ಒಳ್ಳೆಯ ಪಂಪೂ ಒದ್ದಾಡುತ್ತದೆ. 1800 ಲೀಟರ್ ಎಂಬ ಸಾಮರ್ಥ್ಯ ಹೇಳಿರುವುದು 3 ಮೀಟರ್ ಎತ್ತರಕ್ಕೆ. 6 ಮೀಟರಿನಲ್ಲಿ ಅದು ಅರ್ಧದ ಹತ್ತಿರಕ್ಕೆ ಇಳಿದರೆ ಪಂಪ್ ಕೆಟ್ಟಿದೆ ಎಂದು ತಿಳಿಯಬೇಡಿ.

ಎತ್ತರ ಅಳೆಯಲು ಒಂದು ಹಗ್ಗಕ್ಕೆ ತೂಕ ಕಟ್ಟಿ, ಮೀಟರಿಗೊಂದು ಗಂಟು ಹಾಕಿ ವಾಹನದಲ್ಲಿ ಇಟ್ಟುಕೊಳ್ಳಿ. ಅಳತೆ ಪಂಪ್ ಇನ್‌ಲೆಟ್ಟಿನ ನಡುಮಧ್ಯದಿಂದ ನೀರಿನ ಮೇಲ್ಮೈವರೆಗೆ. ಸ್ಟ್ರೈನರ್ ಎಷ್ಟು ಆಳದಲ್ಲಿದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಬಂದ ಮೀಟರನ್ನು 74ರಿಂದ ಗುಣಿಸಿದರೆ ಗೇಜ್ ತೋರಿಸಬೇಕಾದ ನಿರ್ವಾತ ಪಾದರಸದ ಮಿ.ಮೀ.ನಲ್ಲಿ ಸಿಗುತ್ತದೆ. 3 ಮೀಟರಿಗೆ 220 ಮಿ.ಮೀ., 4ಕ್ಕೆ 295, 5ಕ್ಕೆ 370, 6ಕ್ಕೆ 440. ಇಂಚಿನ ಗೇಜ್ ಆದರೆ ಮೀಟರಿಗೆ 2.9 ಇಂಚು ಹಿಡಿಯಿರಿ. ಪಂಪ್ ತುಂಬಿ, ಇನ್ನೂ ಡೆಲಿವರಿ ತೆರೆಯದಿದ್ದಾಗ ಮುಳ್ಳು ಈ ಅಂಕಿಯ ಹತ್ತಿರ ನಿಲ್ಲಬೇಕು. ಪೂರ್ತಿ ನೀರು ಹೋಗುವಾಗ ಇದಕ್ಕಿಂತ 100ರಿಂದ 150 ಹೆಚ್ಚು ತೋರಿಸುವುದು ಸಹಜ.

ಈ ಒಂದು ಅಂಕಿ ಕೈಯಲ್ಲಿದ್ದರೆ ಮುಂದಿನ ಹುಡುಕಾಟ ಅರ್ಧ ಮುಗಿದಂತೆ. ಎಂಜಿನ್ ನಿಂತಿರುವಾಗ ಗೇಜ್ ಸೊನ್ನೆಯಲ್ಲಿ ಇದೆಯೇ ಎಂದೂ ನೋಡಿ. ಗೇಜಿಗೆ ಹೋಗುವ ಸಣ್ಣ ತಾಮ್ರದ ಕೊಳವೆಯಲ್ಲಿ ಎರೆಮಣ್ಣು ಕಟ್ಟಿಕೊಂಡಿದ್ದರೆ ಮುಳ್ಳು ಅಲುಗುವುದಿಲ್ಲ, ಅಥವಾ ಬಹಳ ತಡವಾಗಿ ಏಳುತ್ತದೆ.

ಮುಳ್ಳು ಏಳುವುದೇ ಇಲ್ಲ

ಪ್ರೈಮರ್ ಓಡುತ್ತಿದೆ, ಮುಳ್ಳು ಸೊನ್ನೆಯಲ್ಲಿ ಅಥವಾ 50ರೊಳಗೆ ಇದೆ ಎಂದರೆ ದೊಡ್ಡ ಬಾಯಿ ಎಲ್ಲೋ ತೆರೆದಿದೆ. ಸಣ್ಣ ಸೋರಿಕೆ ಹುಡುಕುತ್ತ ಕೂರಬೇಡಿ.

ಮೊದಲು ಟ್ಯಾಂಕಿನಿಂದ ಪಂಪಿಗೆ ಬರುವ ವಾಲ್ವ್ ನೋಡಿ. ಟ್ಯಾಂಕ್ ಖಾಲಿಯಾಗುವವರೆಗೆ ಅದರಿಂದಲೇ ಕೆಲಸ ನಡೆದಿರುತ್ತದೆ, ಆತುರದಲ್ಲಿ ಅದನ್ನು ಮುಚ್ಚದೆ ಸಕ್ಷನ್ ಜೋಡಿಸಿರುತ್ತಾರೆ. ಪ್ರೈಮರ್ ಖಾಲಿ ಟ್ಯಾಂಕಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಆಮೇಲೆ ಪಂಪ್ ತಳದ ಡ್ರೇನ್ ಕಾಕ್, ಎಲ್ಲ ಡೆಲಿವರಿ ವಾಲ್ವ್, ಹೋಸ್ ರೀಲಿನ ವಾಲ್ವ್, ಟ್ಯಾಂಕ್ ತುಂಬುವ ಲೈನಿನ ವಾಲ್ವ್, ಉಪಯೋಗಿಸದ ಇನ್‌ಲೆಟ್ಟಿನ ಬಾಯಿ ಮುಚ್ಚುವ ಬ್ಲಾಂಕ್ ಕ್ಯಾಪ್. ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ, ತಿರುಗಿಸಿ ನೋಡಿ. ಹಿಡಿಕೆ ಇರುವ ದಿಕ್ಕು ನೋಡಿ ನಂಬಬೇಡಿ.

ಎಲ್ಲ ಮುಚ್ಚಿದ್ದರೂ ಮುಳ್ಳು ಏಳದಿದ್ದರೆ ವ್ಯವಸ್ಥೆಯನ್ನು ಎರಡು ಪಾಲು ಮಾಡಿ. ಸಕ್ಷನ್ ಹೋಸ್ ಬಿಚ್ಚಿ ಪಂಪ್ ಇನ್‌ಲೆಟ್ಟಿಗೆ ಬ್ಲಾಂಕ್ ಕ್ಯಾಪ್ ಹಾಕಿ ಪ್ರೈಮರ್ ಓಡಿಸಿ. ಈಗ ಮುಳ್ಳು ಎದ್ದರೆ ಪಂಪ್, ಪ್ರೈಮರ್ ಎರಡೂ ಸರಿ, ದೋಷ ಹೋಸಿನ ಕಡೆ. ಏಳದಿದ್ದರೆ ಹೋಸ್ ಮುಟ್ಟುವ ಕೆಲಸವಿಲ್ಲ. ಒಂದು ನಿಮಿಷವೂ ಬೇಡದ ಈ ಪರೀಕ್ಷೆ ಮಾಡದೆ ಜಾಯಿಂಟ್ ಬಿಚ್ಚಿ ಕಟ್ಟುತ್ತ ಹದಿನೈದು ನಿಮಿಷ ಕಳೆಯುವುದನ್ನು ಒಪ್ಪಲಾಗದು.

ಪ್ರೈಮರ್ ವಿಷಯ ಚಿಕ್ಕದು. ವಾಟರ್ ರಿಂಗ್ ಪ್ರೈಮರಿಗೆ ಸೀಲ್ ಆಗಲು ನೀರು ಬೇಕು. ಅದರ ಸಣ್ಣ ತೊಟ್ಟಿ ಬೇಸಿಗೆಯಲ್ಲಿ ಒಣಗಿರುತ್ತದೆ, ತುಂಬಿಸಿದರೆ ಸಾಕು. ಬೆಲ್ಟ್ ಜಾರುತ್ತಿದೆಯೇ, ಪ್ರೈಮಿಂಗ್ ವಾಲ್ವಿನ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ನೋಡಿ. ಪೋರ್ಟಬಲ್ ಪಂಪಿನಲ್ಲಿ ಹೊಗೆ ಒತ್ತಡದಿಂದ ನಡೆಯುವ ಇಜೆಕ್ಟರ್ ಇದ್ದರೆ ಅದರ ಜೆಟ್ಟಿನಲ್ಲಿ ಮಸಿ ಕಟ್ಟಿರುತ್ತದೆ, ಸೈಲೆನ್ಸರ್ ಕಡೆಯ ಫ್ಲ್ಯಾಪ್ ಪೂರ್ತಿ ಮುಚ್ಚಿರುವುದಿಲ್ಲ. ಯಾವ ಪ್ರೈಮರ್ ಆದರೂ ಮುಕ್ಕಾಲು ನಿಮಿಷದೊಳಗೆ ನೀರು ತರದಿದ್ದರೆ ನಿಲ್ಲಿಸಿ. ಒಣ ಪಂಪ್ ಓಡಿದಷ್ಟೂ ಶಾಫ್ಟ್ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್, ಸೀಲ್ ಕಾದು ಹಾಳಾಗುತ್ತವೆ, ಇದ್ದ ಒಂದು ದೋಷ ಎರಡಾಗುತ್ತದೆ.

ಮುಳ್ಳು ಅರ್ಧಕ್ಕೆ ನಿಲ್ಲುತ್ತದೆ

4 ಮೀಟರ್ ಎತ್ತರಕ್ಕೆ 295 ಬೇಕು, ಮುಳ್ಳು 180ಕ್ಕೆ ಬಂದು ಅಲ್ಲೇ ನಡುಗುತ್ತಿದೆ. ಪ್ರೈಮರ್ ತೆಗೆದಷ್ಟೇ ಗಾಳಿ ಒಳಗೆ ಬರುತ್ತಿದೆ ಎಂದರ್ಥ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ, ಮತ್ತು ಇದರ ಹಿಂದೆ ಹೆಚ್ಚಾಗಿ ಇರುವುದು ವಾಷರ್.

100 ಮಿ.ಮೀ. ಸಕ್ಷನ್ ಹೋಸ್ ಸಾಮಾನ್ಯವಾಗಿ 2.5 ಮೀಟರಿನ ತುಂಡುಗಳಲ್ಲಿ ಬರುತ್ತದೆ. ನಾಲ್ಕು ತುಂಡು ಜೋಡಿಸಿದರೆ ಐದು ಜಾಯಿಂಟ್: ಪಂಪಿಗೆ ಒಂದು, ನಡುವೆ ಮೂರು, ಸ್ಟ್ರೈನರಿಗೆ ಒಂದು. ಇವುಗಳಲ್ಲಿ ನೀರಿನೊಳಗೆ ಮುಳುಗಿರುವ ಜಾಯಿಂಟ್ ಸಡಿಲವಿದ್ದರೂ ಅಲ್ಲಿಂದ ಬರುವುದು ನೀರೇ ಹೊರತು ಗಾಳಿಯಲ್ಲ, ಅದನ್ನು ಬಿಟ್ಟುಬಿಡಿ. ನೀರಿನ ಮೇಲಿರುವವನ್ನು ಮಾತ್ರ ನೋಡಿ, ಅದೂ ಪಂಪಿನ ಕಡೆಯಿಂದ ಶುರುಮಾಡಿ.

ಜಾಯಿಂಟ್ ಬಿಚ್ಚಿ ಹೆಣ್ಣು ಕಪ್ಲಿಂಗಿನ ಒಳಗೆ ಬೆರಳಾಡಿಸಿ. ವಾಷರ್ ತನ್ನ ತೋಡಿನಲ್ಲಿ ಸುತ್ತಲೂ ಸಮನಾಗಿ ಕುಳಿತಿರಬೇಕು. ಉಗುರಿನಿಂದ ಒತ್ತಿದರೆ ಗುರುತು ಬಿದ್ದು ಮತ್ತೆ ಏಳಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ವಾಹನದ ಮೇಲ್ಗಡೆ ಕಟ್ಟಿದ ಹೋಸಿನ ವಾಷರ್ ಗಟ್ಟಿಯಾಗಿ, ಅಂಚಿನಲ್ಲಿ ಕೂದಲಿನಂಥ ಬಿರುಕು ಬಿಟ್ಟಿರುತ್ತದೆ. ಅಂಥದ್ದು ಎಷ್ಟು ಬಿಗಿದರೂ ಗಾಳಿ ಬಿಡುತ್ತದೆ, ಬದಲಿಸಬೇಕು. ಒಂದು ಮರಳಿನ ಕಣ, ಒಂದು ತೊಗರಿ ಕಾಳು ಸಿಕ್ಕಿಕೊಂಡಿದ್ದರೂ ಅಷ್ಟೇ ಫಲ. ಥ್ರೆಡ್ ಒರೆಸಿ, ಕೈಯಿಂದ ಪೂರ್ತಿ ತಿರುಗಿಸಿ, ಕೊನೆಗೆ ಎರಡು ಸಕ್ಷನ್ ಸ್ಪ್ಯಾನರ್ ಎದುರುಬದುರು ಹಿಡಿದು ಬಿಗಿಯಿರಿ. ರಬ್ಬರಿಗೆ ಗ್ರೀಸ್ ಹಚ್ಚುವ ಅಭ್ಯಾಸ ಬಿಡಬೇಕು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಜಾರಬೇಕೆಂದರೆ ಸಾಬೂನು ನೀರು ಸಾಕು. ವಾಹನದಲ್ಲಿ ಜಾಯಿಂಟಿಗೊಂದರಂತೆ ಹೊಸ ವಾಷರ್ ಇರಲಿ, ಬಿಸಿಲು ತಾಗದ ಪೆಟ್ಟಿಗೆಯಲ್ಲಿ.

ಎಲ್ಲ ವಾಷರ್ ಸರಿ ಇದ್ದೂ ಮುಳ್ಳು ಅರ್ಧಕ್ಕೆ ನಿಂತರೆ ಸ್ಟ್ರೈನರ್ ಕಡೆ ನೋಡಿ. ಸ್ಟ್ರೈನರಿನ ಮೇಲೆ ಕನಿಷ್ಠ 300 ಮಿ.ಮೀ., ಅಂದರೆ ಹೋಸಿನ ವ್ಯಾಸದ ಮೂರು ಪಟ್ಟು ನೀರು ನಿಂತಿರಬೇಕು. ಕಡಿಮೆಯಾದರೆ ನೀರಿನ ಮೇಲೆ ಸುಳಿ ಕಾಣುತ್ತದೆ, ಸುಳಿಯ ನಡುವಿನಿಂದ ಗಾಳಿ ನೇರ ಒಳಗೆ ಹೋಗುತ್ತದೆ. ಸುಳಿ ಕಂಡಲ್ಲಿ ಒಂದು ಹಲಗೆ ತೇಲಿಬಿಟ್ಟರೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ಬೇಸಿಗೆಯ ಹಳ್ಳದಲ್ಲಿ ಮೊಳಕಾಲುದ್ದ ನೀರು ಮಾತ್ರ ಇದ್ದರೆ ತಳದಲ್ಲಿ ತೆಗ್ಗು ತೋಡಿ, ಬಿದಿರು ಬುಟ್ಟಿ ಇಟ್ಟು, ಅದರೊಳಗೆ ಸ್ಟ್ರೈನರ್ ಇಡಿ.

ಇನ್ನೊಂದು ಕಾರಣ ಕಣ್ಣೆದುರೇ ಇದ್ದರೂ ಲಕ್ಷ್ಯಕ್ಕೆ ಬರುವುದಿಲ್ಲ. ಹೊಲದ ಬಾವಿಗೆ ಕಟ್ಟೆ ಇರುತ್ತದೆ. ಹೋಸ್ ಆ ಕಟ್ಟೆ ಹತ್ತಿ ಇಳಿದು ಪಂಪಿಗೆ ಬಂದರೆ ಕಟ್ಟೆಯ ಮೇಲಿನ ಬಾಗಿನಲ್ಲಿ ಗಾಳಿ ಗುಡ್ಡೆಯಾಗಿ ನಿಲ್ಲುತ್ತದೆ. ನೀರು ಬಂದಂತೆ ಕಾಣುತ್ತದೆ, ಬ್ರಾಂಚ್ ತೆರೆದ ಕೂಡಲೇ ಆ ಗಾಳಿ ಪಂಪಿಗೆ ನುಗ್ಗಿ ನೀರು ತುಂಡಾಗುತ್ತದೆ. ಹೋಸ್ ನೀರಿನಿಂದ ಪಂಪಿನವರೆಗೆ ಏರುತ್ತಲೇ ಬರಬೇಕು, ಎಲ್ಲೂ ಇನ್‌ಲೆಟ್ಟಿಗಿಂತ ಮೇಲೆ ಹೋಗಬಾರದು. ಕಟ್ಟೆ ಎತ್ತರವಿದ್ದರೆ ವಾಹನವನ್ನು ಎತ್ತರದ ಕಡೆ ತಿರುಗಿಸಿ ನಿಲ್ಲಿಸಿ; ಪೋರ್ಟಬಲ್ ಪಂಪ್ ಆದರೆ ಕಲ್ಲು ಪೇರಿಸಿ ಭದ್ರವಾದ ಕಟ್ಟೆ ಮಾಡಿ ಅದರ ಮೇಲಿಡಿ. ಕಟ್ಟೆಯ ಕಲ್ಲಿಗೆ ಹೋಸ್ ಉಜ್ಜುವಲ್ಲಿ ಗೋಣಿಚೀಲ ಹಾಕಿ.

ಮುಳ್ಳು ಮೇಲೇರಿದೆ, ನೀರಿಲ್ಲ

295 ಬೇಕಾದಲ್ಲಿ 550 ತೋರಿಸುತ್ತಿದೆ, ಆದರೂ ನೀರಿಲ್ಲ. ಇದು ಮೇಲಿನದಕ್ಕೆ ಪೂರ್ತಿ ವಿರುದ್ಧ. ಗಾಳಿ ಸೋರುತ್ತಿಲ್ಲ, ದಾರಿಯೇ ಕಟ್ಟಿದೆ. ಇಂಥ ಹೊತ್ತಿನಲ್ಲಿ ಜಾಯಿಂಟ್ ಬಿಗಿಯುವುದು ಬರೀ ಸಮಯ ಹಾಳು.

ಸ್ಟ್ರೈನರ್ ಮೇಲೆತ್ತಿ ನೋಡಿ. ಕೆರೆಯಲ್ಲಿ ಪಾಚಿ, ಅಂತರಗಂಗೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಹಂತದಲ್ಲಿ ಹುಲ್ಲು, ಪ್ಲಾಸ್ಟಿಕ್ ಚೀಲ. ಭೀಮಾ, ಕಾಗಿಣಾ ದಂಡೆಯಲ್ಲಿ ಹೂಳು. ಹೂಳಿನಲ್ಲಿ ಸ್ಟ್ರೈನರ್ ತನ್ನ ಭಾರಕ್ಕೇ ಇಳಿಯುತ್ತದೆ. ಅದಕ್ಕೆ ಹಗ್ಗ ಕಟ್ಟಿ ತಳದಿಂದ ಒಂದು ಗೇಣು ಮೇಲೆ ತೂಗುಹಾಕಬೇಕು. ಬುಟ್ಟಿ ಕಟ್ಟಿದ್ದರೆ ಕಸ ದೂರವೇ ನಿಲ್ಲುತ್ತದೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ, ಸ್ಟ್ರೈನರಿನೊಳಗಿನ ನಾನ್-ರಿಟರ್ನ್ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಿರುವುದೂ ಉಂಟು, ಹಗ್ಗ ಎಳೆದು ಅದು ಏಳುತ್ತದೆಯೇ ನೋಡಿ.

ಸ್ಟ್ರೈನರ್ ಸ್ವಚ್ಛವಾಗಿದ್ದು ಮುಳ್ಳು ಮೇಲೆಯೇ ಇದ್ದರೆ ಹೋಸಿನ ಒಳಪದರದ ಮೇಲೆ ಸಂಶಯಪಡಿ. ಹಳೆಯ ಹೋಸಿನಲ್ಲಿ ಒಳಗಿನ ರಬ್ಬರ್ ಹೊರಗಿನ ಬಟ್ಟೆಯಿಂದ ಬಿಟ್ಟುಕೊಂಡಿರುತ್ತದೆ. ನಿರ್ವಾತ ಬಂದಾಗ ಅದು ಉಬ್ಬಿ ದಾರಿ ಮುಚ್ಚುತ್ತದೆ. ಪಂಪ್ ನಿಲ್ಲಿಸಿದರೆ ಮತ್ತೆ ಗೋಡೆಗೆ ಅಂಟಿಕೊಳ್ಳುತ್ತದೆ. ಹೋಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ, ಹೊರಗಿನಿಂದಲೂ ಗಟ್ಟಿಯಾಗಿಯೇ ಇರುತ್ತದೆ. ಹೀಗಾಗಿ ಕೆಟ್ಟ ಹೋಸ್ ವರ್ಷಗಟ್ಟಲೆ ವಾಹನದ ಮೇಲೇ ಉಳಿದುಬಿಡುತ್ತದೆ. ಪತ್ತೆಮಾಡಲು ದಪ್ಪನೆಯ ಪಾರದರ್ಶಕ ಅಕ್ರಿಲಿಕ್ ತಟ್ಟೆಯೊಂದನ್ನು ಸಪಾಟು ರಬ್ಬರಿನ ಜೊತೆ ಹೋಸಿನ ಬಾಯಿಗೆ ಒತ್ತಿ, ಇನ್ನೊಂದು ತುದಿಯಿಂದ ಪ್ರೈಮರ್ ಓಡಿಸಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ನಿರ್ವಾತ ಏರುತ್ತಿದ್ದಂತೆ ಪದರ ಗುಳ್ಳೆಯಾಗಿ ಏಳುವುದು ಕಣ್ಣಿಗೇ ಕಾಣುತ್ತದೆ. ಒಂದೊಂದೇ ತುಂಡನ್ನು ಪರೀಕ್ಷಿಸಿ. ಕೆಟ್ಟ ತುಂಡಿಗೆ ಬಣ್ಣ ಬಳಿದು ಅಂದೇ ವಾಹನದಿಂದ ಇಳಿಸಿ, ಅದಕ್ಕೆ ದುರಸ್ತಿ ಇಲ್ಲ.

ಮೂರನೆಯ ಕಾರಣ ಎತ್ತರವೇ. ಶಹಾಬಾದ್, ಚಿತ್ತಾಪುರ ಕಡೆ ಹಾಸುಗಲ್ಲಿನ ಹಳೆಯ ಗಣಿಗಳಲ್ಲಿ ನೀರು ಧಾರಾಳ ಕಾಣುತ್ತದೆ, ಆದರೆ ಅಂಚಿನಿಂದ ನೀರಿಗೆ 8–10 ಮೀಟರ್ ಇದ್ದರೆ ಯಾವ ಪ್ರೈಮರ್ ಹಾಕಿದರೂ ಬಾರದು. ಅಂಥ ಗಣಿಯ ಅಂಚಿಗೆ ಭಾರದ ವಾಹನ ಒಯ್ಯುವುದೂ ಅಪಾಯ, ಕಲ್ಲು ಪದರಪದರವಾಗಿ ಕಿತ್ತು ಬರುತ್ತದೆ. ಬೀದರ್ ಜಂಬಿಟ್ಟಿಗೆ ನೆಲದ ಆಳ ಬಾವಿಗಳದೂ ಇದೇ ಮಾತು. ಅಲ್ಲಿ ರೈತರ ಸಬ್‌ಮರ್ಸಿಬಲ್ ಮೋಟರಿನಿಂದ ಟ್ಯಾಂಕ್ ತುಂಬಿಸಿಕೊಳ್ಳುವುದೇ ಜಾಣತನ. ಅದು ಎಷ್ಟು ಕೊಡುತ್ತದೆ ಎಂದು ತಿಳಿಯಲು 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡಿ. ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 400 ಲೀಟರ್, 15 ಮಿ.ಮೀ. ನಾಝಲಿನ ಒಂದು ಬ್ರಾಂಚಿಗೆ ಸಾಕು. ಒಂದು ನಿಮಿಷ ಹಿಡಿದರೆ 12.5 ಮಿ.ಮೀ. ನಾಝಲಿಗೆ ಇಳಿಯಿರಿ, ಅದಕ್ಕೆ 7 ಬಾರಿನಲ್ಲಿ 275 ಲೀಟರ್ ಬೇಕು, ಆದ್ದರಿಂದ ಒತ್ತಡವನ್ನೂ ಇಳಿಸಬೇಕು.

ನೀರು ಬಂದು ಬಿಟ್ಟುಹೋಗುತ್ತದೆ

ಪಂಪ್ ತುಂಬಿತು, ಡೆಲಿವರಿ ತೆರೆದ ಕೂಡಲೇ ಒತ್ತಡ ಸೊನ್ನೆ. ಹೆಚ್ಚಾಗಿ ವಾಲ್ವನ್ನು ಒಮ್ಮೆಲೇ ತೆರೆದಿರುತ್ತಾರೆ. ಡೆಲಿವರಿ ಗೇಜ್ 2–3 ಬಾರ್ ಸ್ಥಿರವಾಗಿ ತೋರಿಸಿದ ಮೇಲೆ ಕಾಲು ಸುತ್ತು ತೆರೆದು, ಹೋಸ್ ತುಂಬಲು ಬಿಟ್ಟು, ಆಮೇಲೆ ಪೂರ್ತಿ ತೆರೆಯಿರಿ. ಥ್ರಾಟಲ್ ಅದರ ಜೊತೆಜೊತೆಗೇ ಏರಲಿ. ನಿಧಾನವಾಗಿ ತೆರೆದರೂ ಬಿಟ್ಟುಹೋದರೆ ಕಟ್ಟೆಯ ಬಾಗು, ಸುಳಿ, ಸಣ್ಣ ಸೋರಿಕೆ ಈ ಮೂರನ್ನು ನೋಡಿ.

ಟ್ಯಾಂಕಿನಲ್ಲಿ 500 ಲೀಟರಾದರೂ ಉಳಿಸಿಕೊಂಡೇ ಸಕ್ಷನ್ನಿಗೆ ಹೋಗಬೇಕು. ಆ ನೀರಿದ್ದರೆ ಪಂಪ್ ಬಿಟ್ಟುಕೊಂಡಾಗ ಟ್ಯಾಂಕಿನಿಂದ ಮತ್ತೆ ತುಂಬಿ ಶುರುಮಾಡಬಹುದು, ಬೆಂಕಿಯ ಹತ್ತಿರ ಬ್ರಾಂಚ್ ಹಿಡಿದವರ ಕೈಯಲ್ಲಿ ನೀರು ಇರುತ್ತದೆ. ಇದಕ್ಕೊಂದು ಎಚ್ಚರ: ಟ್ಯಾಂಕ್ ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತಿದ್ದರೆ ಪಂಪ್ ಟ್ಯಾಂಕಿನ ನೀರಿನಿಂದಲೇ ತುಂಬಿ, ಸಕ್ಷನ್ ಹಿಡಿದಂತೆ ತೋರಿಸುತ್ತದೆ. ಟ್ಯಾಂಕಿನ ಮಟ್ಟ ಇಳಿಯುತ್ತಿದೆಯೇ ನೋಡಿದರೆ ಗೊತ್ತಾಗುತ್ತದೆ.

ಅರ್ಧ ಗಂಟೆ ಚೆನ್ನಾಗಿ ನಡೆದು ಒತ್ತಡ ಮೆಲ್ಲಗೆ ಇಳಿಯತೊಡಗಿದರೆ ವ್ಯಾಕ್ಯೂಮ್ ಮುಳ್ಳು ಯಾವ ಕಡೆ ಹೋಗುತ್ತಿದೆ ನೋಡಿ. ಏರುತ್ತಿದ್ದರೆ ಸ್ಟ್ರೈನರ್ ಕಟ್ಟುತ್ತಿದೆ ಅಥವಾ ಬಾವಿಯ ಮಟ್ಟ ಇಳಿಯುತ್ತಿದೆ. ಇಳಿಯುತ್ತಿದ್ದರೆ ಗಾಳಿ ಸೇರುತ್ತಿದೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬಂದು, ಥ್ರಾಟಲ್ ಏರಿಸಿದರೂ ಒತ್ತಡ ಏರದಿದ್ದರೆ ಕ್ಯಾವಿಟೇಶನ್ (ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುವುದು) ಆಗಿದೆ, ಬರುವ ನೀರಿಗಿಂತ ಹೆಚ್ಚು ಕೇಳುತ್ತಿದ್ದೀರಿ. ಥ್ರಾಟಲ್ ಇಳಿಸಿ, ಸಣ್ಣ ನಾಝಲ್ ಹಾಕಿ. ಹಾಗೇ ನಡೆಸಿದರೆ ಪಂಪಿನೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ಚುಕ್ಕಿಚುಕ್ಕಿಯಾಗಿ ತಿಂದುಹೋಗುತ್ತದೆ. ಬ್ರಾಂಚ್ ಮುಚ್ಚಿ ಪಂಪ್ ಓಡುತ್ತಲೇ ಇದ್ದರೂ ಒಳಗಿನ ನೀರು ಕಾಯುತ್ತದೆ. ಕೇಸಿಂಗ್ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾಗಿದ್ದರೆ ಟ್ಯಾಂಕಿಗೆ ಹೋಗುವ ಲೈನ್ ಸ್ವಲ್ಪ ತೆರೆದು ನೀರು ಸುತ್ತುವಂತೆ ಮಾಡಿ.

ಠಾಣೆಯಲ್ಲಿ ಒಣ ಪರೀಕ್ಷೆ

ಇವುಗಳಲ್ಲಿ ಹೆಚ್ಚಿನ ದೋಷ ಠಾಣೆಯ ಅಂಗಳದಲ್ಲೇ ಸಿಗುತ್ತವೆ. ಪಂಪಿನ ನೀರೆಲ್ಲ ಬಸಿದು, ಸಕ್ಷನ್ ಹೋಸ್ ಜೋಡಿಸಿ, ಕೊನೆಯ ಬಾಯಿಗೆ ಬ್ಲಾಂಕ್ ಕ್ಯಾಪ್ ಹಾಕಿ. ಡೆಲಿವರಿ ವಾಲ್ವ್ ಮುಚ್ಚಿರಲಿ, ಆದರೆ ಅವುಗಳ ಕ್ಯಾಪ್ ತೆಗೆದಿರಲಿ, ಇಲ್ಲದಿದ್ದರೆ ವಾಲ್ವಿನ ಸೋರಿಕೆಯನ್ನು ಕ್ಯಾಪ್ ಮುಚ್ಚಿಹಾಕುತ್ತದೆ. ಪ್ರೈಮರ್ ಓಡಿಸಿ 550 ಮಿ.ಮೀ.ವರೆಗೆ ತನ್ನಿ, ಪ್ರೈಮಿಂಗ್ ವಾಲ್ವ್ ಮುಚ್ಚಿ, ಎಂಜಿನ್ ನಿಲ್ಲಿಸಿ. 5 ನಿಮಿಷದಲ್ಲಿ 250 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಅದು ಕೊನೆಯ ಮಿತಿ, ಒಳ್ಳೆಯ ಪಂಪ್ ಅಷ್ಟು ಇಳಿಯುವುದೇ ಇಲ್ಲ.

ಇಳಿದರೆ ಎಂಜಿನ್ ಸದ್ದಿಲ್ಲದ ಆ ಹೊತ್ತಿನಲ್ಲಿ ಕಿವಿಗೊಟ್ಟು ಕೇಳಿ, ಸಿಳ್ಳಿನಂಥ ಸದ್ದು ಜಾಯಿಂಟಿನಿಂದಲೋ ಗ್ಲ್ಯಾಂಡಿನಿಂದಲೋ ಬರುತ್ತದೆ. ಕೇಳದಿದ್ದರೆ ದಪ್ಪ ಸಾಬೂನಿನ ನೊರೆ ಹಚ್ಚಿ. ಸೋರುವಲ್ಲಿ ನೊರೆ ಒಳಕ್ಕೆ ಹೋಗಿ ಕುಳಿ ಬೀಳುತ್ತದೆ. ಡೆಲಿವರಿ ಬಾಯಿಗೆ ಒದ್ದೆ ಕಾಗದ ಅಡ್ಡ ಹಿಡಿಯಿರಿ, ವಾಲ್ವ್ ಸೋರುತ್ತಿದ್ದರೆ ಕಾಗದ ಒಳಗೆ ಎಳೆದುಕೊಳ್ಳುತ್ತದೆ. ಗ್ಲ್ಯಾಂಡ್ ಪ್ಯಾಕಿಂಗ್ ಇರುವ ಪಂಪಿನಲ್ಲಿ ಒತ್ತಡದಲ್ಲಿ ಓಡುವಾಗ ಹನಿಹನಿ ನೀರು ಬೀಳಲೇಬೇಕು, ಅದು ಶಾಫ್ಟನ್ನು ತಂಪಾಗಿಡುತ್ತದೆ. ಧಾರೆಯಾಗಿ ಬಂದರೆ ಎರಡೂ ನಟ್ಟನ್ನು ಸಮನಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪೂರ್ತಿ ನಿಲ್ಲುವಂತೆ ಬಿಗಿದರೆ ಶಾಫ್ಟ್ ಸುಡುತ್ತದೆ. ಮೆಕ್ಯಾನಿಕಲ್ ಸೀಲ್ ಇದ್ದರೆ ಒಂದು ಹನಿಯೂ ಬೀಳಬಾರದು.

ಎರೆಮಣ್ಣಿನ ನೀರು ಎತ್ತಿ ಬಂದ ದಿನ ಶುದ್ಧ ನೀರಿನಿಂದ ಪಂಪನ್ನು ಐದು ನಿಮಿಷ ತೊಳೆಯಿರಿ, ಡ್ರೇನ್ ಕಾಕ್ ತೆರೆದು ಬರುವ ನೀರು ತಿಳಿಯಾಗುವವರೆಗೆ ಬಿಡಿ. ಗೇಜಿನ ಕೊಳವೆ, ಪ್ರೈಮಿಂಗ್ ವಾಲ್ವಿನ ಜಾಲರಿ ಬಿಚ್ಚಿ ತೊಳೆಯಿರಿ. ಕೊನೆಗೆ ಎತ್ತರ ಎಷ್ಟಿತ್ತು, ಮುಳ್ಳು ಎಷ್ಟಕ್ಕೆ ನಿಂತಿತು, ನೀರು ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಂಬ ಮೂರು ಅಂಕಿಯನ್ನು ಪಂಪಿನ ಲಾಗ್ ಬುಕ್ಕಿನಲ್ಲಿ, ನೀರಿನ ಜಾಗದ ಹೆಸರಿನ ಜೊತೆಗೆ ಬರೆದಿಡಿ.